ಎಡ ತಿರುವಿನಲ್ಲಿ ಮಾತ್ರ ಕಾರಿನ ಹಿಂಬದಿ ಜಾರುತ್ತದೆ, ಆದರೂ ಅಲೈನ್‌ಮೆಂಟ್ ಸರಿ ಇದೆ ಅನ್ನುತ್ತಾರೆ. ಏನಿರಬಹುದು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಕಾರವಾರದವರು, ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ತಗೊಂಡಿದ್ದೀರಿ. ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಬಲಬದಿಯ ಹಿಂದಿನ ಚಕ್ರ ಹೊಂಡಕ್ಕೆ ಬಿತ್ತು. ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಿದಿರಿ. ಈಗ ಬಲ ತಿರುವಿನಲ್ಲಿ ಕಾರು ಗಟ್ಟಿಯಾಗಿ ಕೂರುತ್ತದೆ, ಎಡ ತಿರುವಿನಲ್ಲಿ ಹಿಂಬದಿ ಕಿತ್ತುಕೊಂಡು ಹೋದ ಹಾಗೆ ಆಗುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಯೇ ಇರುತ್ತದೆ. ಅಂಗಡಿಯವರು ಮಾತ್ರ "ಟೋಟಲ್ ಟೋ ಹಸಿರು ಬಂದಿದೆ, ಸ್ಪೋರ್ಟ್ಸ್ ಕಾರು ಹೀಗೇ" ಅಂದರಂತೆ. (ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಅಂಕಿ ಸರಿ ಇದ್ದರೆ ಮಷಿನ್ ಹಸಿರು ತೋರಿಸುತ್ತದೆ.)

ಸ್ಪೋರ್ಟ್ಸ್ ಕಾರು ಹೀಗಲ್ಲ. ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗಬೇಕು. ನಾನು ಶಿರಸಿಯಲ್ಲಿ 14 ವರ್ಷದಿಂದ ಅಲೈನ್‌ಮೆಂಟ್ ಕೆಲಸ ಮಾಡುತ್ತಿದ್ದೇನೆ. ನೀವು ಹಾಕಿರುವ ಅಲೈನ್‌ಮೆಂಟ್ ಮಷಿನ್ನಿನ ಪ್ರಿಂಟ್‌ನಲ್ಲೇ ಉತ್ತರ ಇದೆ.

ಹಿಂದಿನ ಚಕ್ರಗಳ ಸಾಲು ನೋಡಿ. ಎಡ ಚಕ್ರದ ಟೋ ಒಳಕ್ಕೆ 30 ಮಿನಿಟ್, ಬಲ ಚಕ್ರದ್ದು ಹೊರಕ್ಕೆ 10 ಮಿನಿಟ್. (60 ಮಿನಿಟ್ ಸೇರಿದರೆ 1 ಡಿಗ್ರಿ.) ಎರಡನ್ನೂ ಕೂಡಿದರೆ ಒಳಕ್ಕೆ 20 ಮಿನಿಟ್. ಮಷಿನ್ನಿಗೆ ಬೇಕಾದ ಮೊತ್ತ ಅದೇ, ಹಾಗಾಗಿ ಹಸಿರು. ಆದರೆ ಅದು ಎರಡೂ ಕಡೆ ಹತ್ತು ಹತ್ತು ಹಂಚಿಕೆಯಾಗಬೇಕಿತ್ತು. ಈಗ ಎರಡೂ ಚಕ್ರ ಬಲಕ್ಕೇ ಮುಖ ಮಾಡಿವೆ. ನಿಮ್ಮ ಕಾರು ನೇರ ಹೋಗುವಾಗಲೂ ಮೈಯನ್ನು 20 ಮಿನಿಟ್ ಓರೆ ಮಾಡಿಕೊಂಡು ಹೋಗುತ್ತಿದೆ, ಏಡಿ ನಡೆದ ಹಾಗೆ. ಪ್ರಿಂಟ್‌ನಲ್ಲಿ ಥ್ರಸ್ಟ್ ಆಂಗಲ್ ಅಂತ ಕೆಂಪಾಗಿರುವುದು ಇದೇ. ಬಾಕ್ಸ್‌ಸ್ಟರ್‌ನ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಸುಮಾರು 2.4 ಮೀಟರ್ ಅಂತರ ಇದೆ. ಅಷ್ಟು ಉದ್ದಕ್ಕೆ ಈ ಓರೆ 14 ಮಿಲಿಮೀಟರ್ ಆಯಿತು. ಹಿಂದೆ ಬರುವವರ ಕಣ್ಣಿಗೆ ಬೀಳುವಷ್ಟಲ್ಲ, ಆದರೆ ನಿಮ್ಮ ಕೈಗೆ ಗೊತ್ತಾಗುತ್ತದೆ. ಕಾರು ನೇರ ಹೋಗಬೇಕಾದರೆ ಮುಂದಿನ ಚಕ್ರವನ್ನೂ ಅಷ್ಟೇ ಬಲಕ್ಕೆ ಹಿಡಿಯಬೇಕು. ಸ್ಟೀರಿಂಗ್ 16 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ. 20 ಮಿನಿಟ್‌ಗೆ ಸ್ಟೀರಿಂಗ್ 5 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಲಕ್ಕೆ ಬಂತು, ಅಲ್ವಾ?

ಟೈರ್ ಸವೆಯದೇ ಇದ್ದದ್ದು ಯಾಕೆ ಅಂತ ಕೇಳಿದ್ದೀರಿ. ನೇರ ಓಟದಲ್ಲಿ ಟೈರನ್ನು ಉಜ್ಜುವುದು ಎರಡೂ ಚಕ್ರದ ಟೋ ಮೊತ್ತ. ಮೊತ್ತ ಸರಿ ಇದ್ದರೆ ಕಾರು ಓರೆಯಾಗಿಯೇ ಉರುಳುತ್ತದೆ, ರಬ್ಬರ್ ಜಾಸ್ತಿ ಸವೆಯುವುದಿಲ್ಲ. ಟೈರ್ ನೋಡಿ ಅಲೈನ್‌ಮೆಂಟ್ ಸರಿ ಇದೆ ಅನ್ನುವವರು ಇಲ್ಲೇ ಎಡವುತ್ತಾರೆ.

ಇನ್ನು ಎಡ ತಿರುವಿನ ಜಾರಿಕೆ. ಇದಕ್ಕೂ ಟೋ ಕಾರಣ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟೋ ಮೊತ್ತ ಸರಿಯಿದ್ದು ಹಂಚಿಕೆ ಮಾತ್ರ ತಪ್ಪಿದ್ದರೆ ಸ್ಟೀರಿಂಗ್ ಓರೆ ಆಗುತ್ತದೆ, ಹಿಡಿತದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಅಸಲು ಕಾರಣ ಅದೇ ಪ್ರಿಂಟ್‌ನ ಮೇಲಿನ ಸಾಲಿನಲ್ಲಿದೆ: ಹಿಂದಿನ ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 40 ಮಿನಿಟ್, ಬಲ ಕ್ಯಾಂಬರ್ ಮೈನಸ್ 30 ಮಿನಿಟ್ ಮಾತ್ರ.

ಮೈನಸ್ ಕ್ಯಾಂಬರ್ ಅಂದರೆ ಚಕ್ರದ ತಲೆ ಒಳಕ್ಕೆ, ಪಾದ ಹೊರಕ್ಕೆ. ಅಲೆ ಮೇಲೆ ದೋಣಿಯಲ್ಲಿ ಕಾಲು ಅಗಲ ಮಾಡಿ ನಿಲ್ಲುವ ಮೀನುಗಾರರನ್ನು ನೀವು ದಿನಾ ನೋಡುತ್ತೀರಿ. ಅದೇ ಉಪಾಯ ಇದು. ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ, ಹೊರಗಿನ ಟೈರ್ ತನ್ನ ಅಂಚಿನ ಮೇಲೆ ಏಳಲು ನೋಡುತ್ತದೆ. ಮೊದಲೇ ಒಳಕ್ಕೆ ವಾಲಿಸಿ ಕೂರಿಸಿದ್ದರೆ ಆಗ ಟೈರ್ ಪೂರ್ತಿ ಅಗಲ ರಸ್ತೆಗೆ ತಾಗುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ. ಅಲ್ಲಿ ಕ್ಯಾಂಬರ್ ಸಾಕಷ್ಟಿದೆ, ಕಾರು ಹಿಡಿಯಿತು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ. ಅಲ್ಲಿ 1 ಡಿಗ್ರಿ 10 ಮಿನಿಟ್ ಕಮ್ಮಿ. ಟೈರ್ ಅಂಚಿನ ಮೇಲೆ ಎದ್ದಿತು, ಹಿಂಬದಿ ಜಾರಿತು. ನಿಮ್ಮ ಕಾರಿನ ಇಂಜಿನ್ ಬೇರೆ ಸೀಟಿನ ಹಿಂದೆಯೇ ಇದೆ. ಹಿಂದಿನ ಟೈರ್‌ಗಳ ಮೇಲೆ ಭಾರ ಜಾಸ್ತಿ, ಅಲ್ಲಿ ಹಿಡಿತ ತಪ್ಪಿದರೆ ಸಾವರಿಸಿಕೊಳ್ಳಲು ಸಮಯ ಕಮ್ಮಿ. ಮಾಮೂಲಿ ಕಾರಾದರೆ ಮೆತ್ತಗಿನ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು), ಎತ್ತರದ ಟೈರ್ ಇದನ್ನು ಸ್ವಲ್ಪ ಮುಚ್ಚಿಡುತ್ತವೆ. ನಿಮ್ಮದರಲ್ಲಿ ಆ ಮೆತ್ತಗಿನ ಪದರ ಕಮ್ಮಿ.

ಹೊಂಡದ ಏಟಿಗೆ ಬಲಬದಿಯ ಹಿಂದಿನ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಗಿರಬೇಕು ಅನ್ನುವುದು ನನ್ನ ಅಂದಾಜು. ಚಕ್ರದ ಪಾದ ಒಳಕ್ಕೆ ಬಂದಿದೆ, ಜೊತೆಗೆ ಟೋ ತಪ್ಪಿದೆ. ಬಲಬದಿಯ ಹೊಂದಾಣಿಕೆ ಬೋಲ್ಟ್ ತುಕ್ಕು ಹಿಡಿದು ಬುಷ್ ಒಳಗೆ ಕಚ್ಚಿಕೊಂಡಿರಬೇಕು. ಕರಾವಳಿಯ ಉಪ್ಪು ಗಾಳಿ ತಿಂದ ಕಾರುಗಳಲ್ಲಿ ಇದು ನನಗೆ ತಿಂಗಳಿಗೆ ಒಂದಾದರೂ ಸಿಗುತ್ತದೆ. ಬಲಬದಿಯ ಬೋಲ್ಟ್ ತಿರುಗಲಿಲ್ಲ, ಅಂಗಡಿಯವರು ಎಡಬದಿಯದ್ದನ್ನು ತಿರುಗಿಸಿ ಮೊತ್ತ ಸರಿ ಮಾಡಿ ಕಳಿಸಿದ್ದಾರೆ. ನಾನೂ ಶುರುವಿನಲ್ಲಿ ಒಬ್ಬರ ಕಾರಿಗೆ ಹೀಗೇ ಮಾಡಿದ್ದೆ. ವಾರದ ಮೇಲೆ ಅವರು ವಾಪಸ್ ಬಂದು, ಮಳೆಯಲ್ಲಿ ಕಾರು ಸುತ್ತು ಹೊಡೆಯಿತು, ಹೆಂಡತಿ ಮಕ್ಕಳು ಒಳಗಿದ್ದರು ಅಂದರು. ಯಾರಿಗೂ ಏನೂ ಆಗಿರಲಿಲ್ಲ. ಅವತ್ತಿನಿಂದ ಎರಡೂ ಕಡೆಯ ಅಂಕಿ ನೋಡದೆ ಕಾರು ಕೆಳಗಿಳಿಸಿಲ್ಲ.

ಈಗ ಮಾಡಬೇಕಾದದ್ದು. ಮೊದಲು ಕಾರು ಎತ್ತಿಸಿ ಬಲ ಮತ್ತು ಎಡ ಆರ್ಮ್‌ಗಳನ್ನು ಅಕ್ಕಪಕ್ಕ ಹೋಲಿಸಿ ನೋಡಿ. ಬಾಗಿದ್ದರೆ ಹೊಸದು ಹಾಕಿಸಿ. ಅದು ಅಲ್ಯೂಮಿನಿಯಂ. ಬಿಸಿ ಮಾಡಿ ಬಡಿದು ನೆಟ್ಟಗೆ ಮಾಡುತ್ತೇನೆ ಅಂದರೆ ಬೇಡವೇ ಬೇಡ ಅನ್ನಿ, ಒಳಗೆ ಬಿರುಕು ಬಿಟ್ಟು ಘಟ್ಟದಲ್ಲೇ ಮುರಿಯಬಹುದು. ರಿಮ್ ಕೂಡ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ ನೋಡಲಿ. ಬೋಲ್ಟ್ ಬಿಡದಿದ್ದರೆ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್ ಹಾಕಲಿ. ಬುಷ್ ಬೋಲ್ಟ್‌ಗಳನ್ನು ಕಾರು ಚಕ್ರದ ಮೇಲೆ ನಿಂತಾಗಲೇ ಬಿಗಿ ಮಾಡಬೇಕು. ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡು ಕಾರಿನ ಎತ್ತರವೇ ಬದಲಾಗುತ್ತದೆ.

ಆಮೇಲೆ ಅಲೈನ್‌ಮೆಂಟ್. ಟೈರ್ ತಣ್ಣಗಿದ್ದಾಗ ಗಾಳಿ, ಟ್ಯಾಂಕ್ ತುಂಬ ಪೆಟ್ರೋಲ್. ಹಿಂದಿನ ಕ್ಯಾಂಬರ್ ಮೊದಲು, ಆಮೇಲೆ ಹಿಂದಿನ ಟೋ, ಕೊನೆಗೆ ಸ್ಟೀರಿಂಗ್ ನೆಟ್ಟಗೆ ಕಟ್ಟಿ ಮುಂದಿನ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಅದಕ್ಕೇ ಈ ಕ್ರಮ. ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಸ್ಟೀರಿಂಗ್ ಆಂಗಲ್ ಸೆನ್ಸರ್ ಸೊನ್ನೆಗೆ ತರಲೇಬೇಕು. ಇಲ್ಲದಿದ್ದರೆ ನೀವು ನೇರ ಹೋಗುವಾಗಲೂ ತಿರುಗುತ್ತಿದ್ದೀರಿ ಅಂದುಕೊಂಡು ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ) ತಪ್ಪು ಹೊತ್ತಿನಲ್ಲಿ ಬ್ರೇಕ್ ಹಾಕಬಹುದು.

ಪರೀಕ್ಷೆಗೆ ಅಂಕೋಲಾ–ಕುಮಟಾ ಹೆದ್ದಾರಿ ಸಾಕು. ಕೈ ಸಡಿಲ ಬಿಟ್ಟಾಗ ಕಾರು ನಿಧಾನಕ್ಕೆ ಎಡಕ್ಕೆ ಸರಿದರೆ ಹೆದರಬೇಡಿ, ನೀರು ಹರಿಯಲಿ ಅಂತ ರಸ್ತೆಯನ್ನೇ ಎಡಕ್ಕೆ ಇಳಿಜಾರು ಮಾಡಿರುತ್ತಾರೆ. ಸ್ಟೀರಿಂಗ್ ನೆಟ್ಟಗಿದೆಯಾ ಅಷ್ಟು ನೋಡಿ. ಆರ್ಮ್ ಬದಲಾಗುವ ತನಕ ದಯವಿಟ್ಟು ದೇವಿಮನೆ ಕಡೆ ಆ ಕಾರು ತರಬೇಡಿ.