ಬೋಸ್ನಿಯಾಕ್ಕೆ ಹೋದವರು ಮಾಡಿದ್ದೇನು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಬೋಸ್ನಿಯಾ ಬಗ್ಗೆ ಬರೆದಿದ್ದೀರಿ. ಸ್ರೆಬ್ರೆನಿತ್ಸಾದಲ್ಲಿ ಜನ ಸಾಯುವಾಗ ವಿಶ್ವಸಂಸ್ಥೆಯ ಸೈನಿಕರು ಅಲ್ಲೇ ಇದ್ದರು. ಆಗ ಕಾಪಾಡದವರು ಯುದ್ಧ ಮುಗಿದ ಮೇಲೆ ಹೋಗಿ ಏನು ಕಡಿದು ಕಟ್ಟೆ ಹಾಕಿದರು? ವರದಿ ಬರೆದರು, ಸಂಬಳ ಎಣಿಸಿದರು, ವಾಪಸ್ ಬಂದರು. ಆ ದೇಶದ ಹಕ್ಕುಗಳನ್ನು ಆ ದೇಶದ ಜನರೇ ನೋಡಿಕೊಳ್ಳಬೇಕು, ಅಲ್ವಾ?"

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. 1995ರ ಜುಲೈನಲ್ಲಿ ಬೋಸ್ನಿಯಾದ ಸರ್ಬ್ ಸೇನೆ ಸ್ರೆಬ್ರೆನಿತ್ಸಾದ 8 ಸಾವಿರದಷ್ಟು ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದಿತು. ವಿಶ್ವಸಂಸ್ಥೆಯೇ 'ಸುರಕ್ಷಿತ ಪ್ರದೇಶ' ಎಂದು ಸಾರಿದ್ದ ಊರದು. ಕಾಪಾಡಲು ತನ್ನಿಂದ ಆಗಲಿಲ್ಲ ಎಂದು ಆ ಸಂಸ್ಥೆಯೇ 1999ರ ವರದಿಯಲ್ಲಿ ಒಪ್ಪಿಕೊಂಡಿದೆ. ಅದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಆದರೆ ಆಮೇಲೆ ಏನೂ ನಡೆಯಲಿಲ್ಲ ಅನ್ನುವುದನ್ನು ಒಪ್ಪಲಾರೆ.

1995ರ ಕೊನೆಗೆ ಅಮೆರಿಕದ ಡೇಟನ್‌ನಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದವಾಯಿತು. ಅಷ್ಟರಲ್ಲಿ ಸುಮಾರು 1 ಲಕ್ಷ ಜನ ಸತ್ತಿದ್ದರು. 20 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟಿದ್ದರು. ದೇಶದೊಳಗೇ ಎರಡು ಭಾಗಗಳಾದವು. ಒಂದು ಬೋಸ್ನಿಯಾಕರು (ಬೋಸ್ನಿಯಾದ ಮುಸ್ಲಿಮರು) ಮತ್ತು ಕ್ರೋಯಟರ ಫೆಡರೇಶನ್, ಇನ್ನೊಂದು ಸರ್ಬರ ರಿಪಬ್ಲಿಕಾ ಸ್ರ್ಪ್ಸ್ಕಾ. ಯಾರು ಎಲ್ಲಿಗೆ ಬೇಕಾದರೂ ಓಡಾಡಬಹುದು ಎಂದು ಒಪ್ಪಂದದಲ್ಲೇ ಬರೆದಿತ್ತು. ಆದರೂ ನಡುವಿನ ಗೆರೆ ದಾಟಲು ಜನ ಹೆದರುತ್ತಿದ್ದರು. ಕಾರಣ ಕಾರಿನ ನಂಬರ್ ಪ್ಲೇಟ್! ಪ್ಲೇಟ್ ನೋಡಿದರೆ ಸಾಕು, ಒಳಗೆ ಕೂತವರು ಯಾವ ಕಡೆಯವರು ಅಂತ ಗೊತ್ತಾಗುತ್ತಿತ್ತು. ಕಲ್ಲು ಬೀಳುತ್ತಿತ್ತು, ಪೊಲೀಸರು ತಡೆದು ಕಾಡುತ್ತಿದ್ದರು.

ಒಪ್ಪಂದದ ಜಾರಿ ನೋಡಿಕೊಳ್ಳಲು ಹೊರದೇಶಗಳು ನೇಮಿಸಿದ 'ಉನ್ನತ ಪ್ರತಿನಿಧಿ' ಅಲ್ಲಿದ್ದರು. 1998ರಲ್ಲಿ ಅವರ ಕಚೇರಿ ಇಡೀ ದೇಶಕ್ಕೆ ಒಂದೇ ಬಗೆಯ ಪ್ಲೇಟ್ ತಂದಿತು. ಅದರಲ್ಲಿ ಎ, ಇ, ಜೆ, ಕೆ, ಎಂ, ಒ, ಟಿ ಅಕ್ಷರಗಳು ಮಾತ್ರ. ಇವು ಲ್ಯಾಟಿನ್ ಲಿಪಿಯಲ್ಲೂ ಸರ್ಬರು ಬಳಸುವ ಸಿರಿಲಿಕ್ ಲಿಪಿಯಲ್ಲೂ ಒಂದೇ ಥರ ಕಾಣುತ್ತವೆ. ಊರಿನ ಗುರುತೂ ಇಲ್ಲ. ಗೆರೆ ದಾಟುವ ಕಾರುಗಳು ಬೇಗನೆ ಜಾಸ್ತಿಯಾದವು. ಕಾಗದದಲ್ಲಿದ್ದ ಹಕ್ಕು ರಸ್ತೆಗೆ ಇಳಿದದ್ದು ಹೀಗೆ. ನನಗೆ ಇದು ದೊಡ್ಡ ಕೆಲಸವಾಗಿಯೇ ಕಾಣುತ್ತದೆ.

ಮನೆಗಳ ವಿಷಯ ಇನ್ನೂ ಕಷ್ಟದ್ದು. ಓಡಿಹೋದವರ ಮನೆಗಳನ್ನು 'ಬಿಟ್ಟುಹೋದ ಆಸ್ತಿ' ಎಂದು ಕಾನೂನು ಮಾಡಿ ಬೇರೆಯವರಿಗೆ ಹಂಚಿಬಿಟ್ಟಿದ್ದರು. ಒಳಗೆ ಸೇರಿಕೊಂಡವರಲ್ಲೂ ಎಷ್ಟೋ ಮಂದಿ ಇನ್ನೆಲ್ಲಿಂದಲೋ ಓಡಿಬಂದವರೇ. ಉನ್ನತ ಪ್ರತಿನಿಧಿ 1999ರಲ್ಲಿ ಎರಡೂ ಭಾಗಗಳ ಆಸ್ತಿ ಕಾನೂನನ್ನು ಬದಲಿಸಿದರು. ಒಪ್ಪಂದಕ್ಕೆ ಅಡ್ಡಗಾಲು ಹಾಕುತ್ತಿದ್ದ 22 ಮಂದಿ ಅಧಿಕಾರಸ್ಥರನ್ನು ಒಂದೇ ದಿನ ಕಿತ್ತುಹಾಕಿದರು. ಮುಂದಿನ ಐದಾರು ವರ್ಷಗಳಲ್ಲಿ ಸುಮಾರು 2 ಲಕ್ಷ ಮನೆಗಳು ಮೂಲ ಮಾಲೀಕರ ಕೈಗೆ ಬಂದವು. ಎಲ್ಲರೂ ಅಲ್ಲಿ ಬಾಳಲಿಲ್ಲ ನಿಜ. ಎಷ್ಟೋ ಜನ ಮಾರಿಕೊಂಡು ಬೇರೆ ಕಡೆ ಹೋದರು. ಆದರೆ ಮಾರುವುದೋ ಇರುವುದೋ ಅವರೇ ನಿರ್ಧರಿಸಿದರಲ್ಲ, ಬಂದೂಕು ಹಿಡಿದವನಲ್ಲ.

ಕಾಣೆಯಾದವರ ಕಥೆಯನ್ನು ನಿಧಾನವಾಗಿ ಹೇಳಬೇಕು. ಕೊಂದವರು ಸಾಕ್ಷಿ ಮುಚ್ಚಲು ಹೆಣದ ಗುಂಡಿಗಳನ್ನು ಬುಲ್ಡೋಜರ್‌ನಿಂದ ಅಗೆದು, ಹೆಣಗಳನ್ನು ಬೇರೆಬೇರೆ ಕಡೆ ಮತ್ತೆ ಹೂತಿದ್ದರು. ಒಬ್ಬನದೇ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕಿವೆ. 1996ರಲ್ಲಿ ಶುರುವಾದ ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗ ತಾಯಂದಿರ, ಮಕ್ಕಳ ರಕ್ತ ತೆಗೆದುಕೊಂಡು ಮೂಳೆಯ ಡಿಎನ್‌ಎ ಜೊತೆ ಹೋಲಿಸುತ್ತಾ ಹೋಯಿತು. ಮೊದಲ ಹೊಂದಾಣಿಕೆ ಸಿಕ್ಕಿದ್ದು 2001ರಲ್ಲಿ. ಈಗ ಸ್ರೆಬ್ರೆನಿತ್ಸಾದಲ್ಲೇ 7 ಸಾವಿರದಷ್ಟು ಜನರ ಗುರುತು ಸಿಕ್ಕಿದೆ. ಪ್ರತಿವರ್ಷ ಜುಲೈ 11ರಂದು ಆ ಊರ ಹತ್ತಿರದ ಪೊಟೊಚಾರಿಯ ಸ್ಮಶಾನದಲ್ಲಿ ಹೊಸದಾಗಿ ಗುರುತಾದವರ ಮಣ್ಣು ನಡೆಯುತ್ತದೆ. ಕೆಲವು ಮನೆಯವರು ಇನ್ನಷ್ಟು ಮೂಳೆ ಸಿಗಲಿ ಎಂದು ವರ್ಷಗಟ್ಟಲೆ ಕಾಯುತ್ತಾರೆ.

ಹಳೆಯ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ನೇಮಿಸಿದ್ದ ಹೇಗ್ ನ್ಯಾಯಾಲಯದ ಬಗ್ಗೆ ನಿಮಗೆ ಗೊತ್ತೇ ಇದೆ. 161 ಜನರ ಮೇಲೆ ಆರೋಪ, ಬೋಸ್ನಿಯಾದ ಸರ್ಬರ ನಾಯಕ ಕರಾಜಿಚ್ ಮತ್ತು ಸೇನಾ ಮುಖ್ಯಸ್ಥ ಮ್ಲಾಡಿಚ್‌ಗೆ ಕೊನೆಗೆ ಜೀವಾವಧಿ. ಸುದ್ದಿಯಾಗದ ಇನ್ನೊಂದು ಕೋರ್ಟ್ ಬೋಸ್ನಿಯಾದ ರಾಜಧಾನಿ ಸರಯೆವೊದಲ್ಲೇ ಇತ್ತು, ಮಾನವ ಹಕ್ಕುಗಳ ಚೇಂಬರ್. 14 ಜಡ್ಜ್‌ಗಳು, ಅದರಲ್ಲಿ 8 ಜನ ಹೊರದೇಶದವರು. 'ನಮ್ಮವರು ಎಲ್ಲಿ?' ಎಂದು ಸ್ರೆಬ್ರೆನಿತ್ಸಾದಿಂದ ಬಂದ 49 ಅರ್ಜಿಗಳ ಮೇಲೆ 2003ರಲ್ಲಿ ತೀರ್ಪಾಯಿತು. ಮನೆಯವರಿಗೆ ವಿಷಯ ತಿಳಿಸದೆ ಸತಾಯಿಸುವುದೂ ಅಮಾನವೀಯವೇ ಎಂದಿತು ಕೋರ್ಟ್. ಗೊತ್ತಿರುವುದನ್ನೆಲ್ಲ ಹೇಳಿ ಎಂದು ರಿಪಬ್ಲಿಕಾ ಸ್ರ್ಪ್ಸ್ಕಾಗೆ ಆಜ್ಞೆ ಮಾಡಿತು. 2004ರಲ್ಲಿ ಅಲ್ಲಿನ ಸರ್ಕಾರ ಗುಟ್ಟಾಗಿದ್ದ ಗುಂಡಿಗಳ ಜಾಗ ತಿಳಿಸಿತು, ಕ್ಷಮೆಯನ್ನೂ ಕೇಳಿತು. ನಂತರ ಅಲ್ಲಿನ ನಾಯಕರು ಆ ಮಾತಿನಿಂದ ಹಿಂದೆ ಸರಿದರು. ಅದು ನನಗೆ ತುಂಬ ನೋವಿನ ಸಂಗತಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅರ್ಜಿ ಹಾಕಿದ್ದು, ರಕ್ತ ಕೊಟ್ಟಿದ್ದು, ಮನೆ ಕೇಳಿದ್ದು ಎಲ್ಲ ಆ ದೇಶದ ಜನರೇ. ಅವರ ದೂರನ್ನು ಕಿವಿಗೆ ಹಾಕಿಕೊಳ್ಳುವ ಒಂದು ಜಾಗ, ಆಜ್ಞೆ ಜಾರಿ ಮಾಡಿಸುವ ಅಧಿಕಾರ, ಇವೆರಡು ಹೊರಗಿನಿಂದ ಬಂದವು.

ಹೊರಗಿನವರ ದೊಡ್ಡ ತಪ್ಪು ಬೇರೆ ಕಡೆ ಇದೆ. ದೇಶದ ಸಂವಿಧಾನವನ್ನೂ ಡೇಟನ್‌ನಲ್ಲೇ ಬರೆದರು. ಅಧ್ಯಕ್ಷ ಮಂಡಳಿಯಲ್ಲಿ ಮೂರು ಸ್ಥಾನ: ಬೋಸ್ನಿಯಾಕ್, ಕ್ರೋಯಟ್, ಸರ್ಬ್. ಬೇರೆಯವರು ನಿಲ್ಲುವ ಹಾಗೇ ಇಲ್ಲ. ರೋಮಾ ಸಮುದಾಯದ ಡೆರ್ವೊ ಸೈದಿಚ್, ಯಹೂದಿ ಯಾಕೊಬ್ ಫಿಂಚಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಗೆದ್ದರು. ಸಂವಿಧಾನದ ಆ ಸಾಲು ಇವತ್ತಿಗೂ ಹಾಗೇ ಇದೆ. ಸಿಟ್ಟಾಗುವುದಾದರೆ ಇದರ ಮೇಲೆ ಆಗೋಣ, ನಾನೂ ನಿಮ್ಮ ಜೊತೆಗಿದ್ದೇನೆ.

– ಸಂ.