ಎಲೆಯೊಳಗಿನ ಶಿಲೀಂಧ್ರವೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿ. ಕಾಂಡ್ಲಾ (ಮ್ಯಾಂಗ್ರೋವ್) ಸಸ್ಯಗಳ ಒಳಗೆ ವಾಸಿಸುವ ಶಿಲೀಂಧ್ರಗಳಿಂದ ಔಷಧೀಯ ಸಂಯುಕ್ತಗಳನ್ನು ಹುಡುಕಬೇಕೆಂದಿದ್ದೇನೆ. ಬೆಳೆದದ್ದು ಎಲೆಯ ಒಳಗಿನದೇ ಎಂಬುದಕ್ಕೆ ಖಾತ್ರಿ ಏನು? ಸಿಕ್ಕಿದ ಸಂಯುಕ್ತ ಹೊಸದೆಂದು ಯಾವಾಗ ಹೇಳಬಹುದು?

ಉತ್ತರ: ಮೊದಲ ಪ್ರಶ್ನೆಯನ್ನು ಹಲವರು ಹಗುರವಾಗಿ ಕಾಣುತ್ತಾರೆ, ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲಿಯೇ. ಅವಿಸೆನ್ನಿಯಾ ಎಂಬ ಕಾಂಡ್ಲಾ ಸಸ್ಯದ ಎಲೆಯನ್ನೇ ನೋಡಿ: ಮೇಲೆ ಉಪ್ಪಿನ ಹರಳು, ಉಬ್ಬರದ ಕೆಸರು, ಗಾಳಿ ತಂದ ಬೀಜಕಗಳು. ರೋಗದ ಕಲೆಯಿಲ್ಲದ ಎಲೆಯನ್ನು ತೊಳೆದು, ಶೇ 70ರ ಎಥನಾಲ್‌ನಲ್ಲಿ ಸುಮಾರು ಒಂದು ನಿಮಿಷ, ಬಳಿಕ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಕೆಲವು ನಿಮಿಷ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಜಾಲಿಸಬೇಕು. ಕೊನೆಯ ಬಾರಿ ಜಾಲಿಸಿದ ನೀರನ್ನು ಚೆಲ್ಲದೆ ಶಿಲೀಂಧ್ರ ಬೆಳೆಸುವ ಬೇರೊಂದು ಅಗರ್ ತಟ್ಟೆಗೆ ಹಚ್ಚಿ; ಎಲೆಯನ್ನೂ ಇನ್ನೊಂದು ತಟ್ಟೆಗೆ ಒತ್ತಿ ತೆಗೆಯಿರಿ. ಈ ಎರಡರಲ್ಲೂ ಏನೂ ಬೆಳೆಯದೆ, ಕತ್ತರಿಸಿದ ತುಂಡಿನ ಅಂಚಿನಿಂದ ಮಾತ್ರ ನೂಲಿನಂತಹ ಕವಕತಂತು ಹೊರಚಾಚಿದರೆ ಅದನ್ನು ಒಳಗಿನದೆಂದು ನಂಬಬಹುದು. ತಟ್ಟೆಗಳನ್ನು ವಾರದಲ್ಲೇ ಎಸೆಯಬೇಡಿ. ಅವಸರದ ಆಸ್ಪರ್ಜಿಲಸ್, ಟ್ರೈಕೋಡರ್ಮಾಗಳು ಮೊದಲು ಕಣ್ಣಿಗೆ ಬೀಳುತ್ತವೆ, ನಿಧಾನವಾಗಿ ಬೆಳೆಯುವವು ತಡವಾಗಿ ತಲೆಯೆತ್ತುತ್ತವೆ.

ಇನ್ನು ಹೊಸತನ. ಬೆಳೆಸಿದ ಶಿಲೀಂಧ್ರದಿಂದ ಈಥೈಲ್ ಅಸಿಟೇಟ್ ದ್ರಾವಕದಲ್ಲಿ ತೆಗೆದ ಸಾರವು ಬ್ಯಾಕ್ಟೀರಿಯಾವನ್ನು ತಡೆಯಿತೆಂದ ಮಾತ್ರಕ್ಕೆ ಆವಿಷ್ಕಾರವಾಗುವುದಿಲ್ಲ. ನಿಮ್ಮ ಶಿಲೀಂಧ್ರ ಫ್ಯುಸೇರಿಯಂ ಕುಲದ್ದಾಗಿದ್ದರೆ, ತಡೆದದ್ದು ಆ ಕುಲ ತಯಾರಿಸುವ, ಹಳೆಯ ಪರಿಚಯದ ಎನಿಯಾಟಿನ್ ಎಂಬ ಸಂಯುಕ್ತ ಇರಬಹುದು. ಆದ್ದರಿಂದ ತಿಂಗಳುಗಟ್ಟಲೆ ಶುದ್ಧೀಕರಿಸುವ ಮೊದಲೇ ದ್ರವ್ಯರಾಶಿ ರೋಹಿತವನ್ನು (ಅಣುಗಳ ತೂಕದ ಗುರುತು) ಈಗಾಗಲೇ ತಿಳಿದ ಸಂಯುಕ್ತಗಳ ದತ್ತಸಂಚಯದೊಂದಿಗೆ ಹೋಲಿಸಿ ನೋಡಿ. ಅಲ್ಲಿ ಹೊಂದಿಕೆಯಾಗದಿದ್ದರೆ ಮಾತ್ರ ಎನ್‌ಎಂಆರ್‌ನಿಂದ (ಕಾಂತೀಯ ಅನುರಣನ ವಿಧಾನ) ಅಣುವಿನ ರಚನೆಯನ್ನು ನಿರ್ಧರಿಸುವ ಶ್ರಮಕ್ಕೆ ಅರ್ಥವಿದೆ. ಜೀವಕೋಶಗಳನ್ನೆಲ್ಲ ಒಂದೇ ಸಮನೆ ಕೊಲ್ಲುವ ಸಂಯುಕ್ತ ಹೊಸದಾದರೂ ಔಷಧವಾಗುವುದು ಕಷ್ಟ.

ಏನೂ ಸಿಗದಿದ್ದರೆ ಶಿಲೀಂಧ್ರವನ್ನು ಬದಿಗಿಡಬೇಡಿ. ಸಂಯುಕ್ತ ತಯಾರಿಸುವ ಜೀನ್ ಸಮೂಹಗಳಲ್ಲಿ ಅನೇಕವು ಪ್ರಯೋಗಾಲಯದಲ್ಲಿ ಮೌನವಾಗಿರುತ್ತವೆ. ಅಕ್ಕಿಯ ಮಾಧ್ಯಮ, ಸಮುದ್ರದ ಉಪ್ಪು, ಜೊತೆಗೊಂದು ಬ್ಯಾಕ್ಟೀರಿಯಾ: ಹೀಗೆ ಬೆಳೆಸುವ ಪರಿಸ್ಥಿತಿಯನ್ನು ಬದಲಿಸುವ ಕ್ರಮಕ್ಕೆ 2002ರಲ್ಲಿ ಝೀಕ್ ಮತ್ತು ಸಂಗಡಿಗರು ‘ಓಸ್ಮ್ಯಾಕ್’ (ಒಂದೇ ತಳಿ, ಹಲವು ಸಂಯುಕ್ತ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಹೆಸರಿಟ್ಟರು.

ಒಂದು ಎಚ್ಚರಿಕೆ. ಪೆಸಿಫಿಕ್ ಯೂ ಮರದ ಒಳಗಿನ ಶಿಲೀಂಧ್ರವೊಂದು, ಆ ಮರದಲ್ಲೇ ಇರುವ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಅನ್ನು ತಾನೂ ತಯಾರಿಸುತ್ತದೆ ಎಂದು 1993ರಲ್ಲಿ ಪ್ರಕಟವಾಯಿತು. ಇಳುವರಿ ಲೀಟರಿಗೆ ನ್ಯಾನೋಗ್ರಾಂಗಳ ಲೆಕ್ಕದ್ದು. 2013ರಲ್ಲಿ ಅದೇ ಶಿಲೀಂಧ್ರದ ಜೀನೋಮ್ ಪರಿಶೀಲಿಸಿದವರಿಗೆ ಅದು ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಎಲೆಯಲ್ಲೂ ಇರುವ ಸಂಯುಕ್ತವೇ ನಿಮ್ಮ ಸಾರದಲ್ಲಿ ಕಂಡರೆ ಅದು ಎಲೆಯಿಂದಲೇ ಬಂದಿರಬಹುದು; ಶಿಲೀಂಧ್ರವನ್ನು ಹಲವು ಸಲ ಮರುಬೆಳೆಸಿದ ಮೇಲೂ ಅದು ಉಳಿಯುತ್ತದೆಯೇ ಎಂದು ಮೊದಲು ನೋಡಿ.