ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಲಿಕ್ವಿಡ್ ಯೀಸ್ಟ್ ಬಿಯರ್ ಮಾಡೋಕೆ ಬರುತ್ತಾ?

ಬರಬಹುದು. ತಾರೀಕು ದಾಟಿದೆ ಅಂತ ಸುಮ್ನೆ ಎಸೆಯಬೇಡಿ. ಬಿಯರ್ ಮಾಡುವ ಎರಡು ದಿನ ಮೊದಲೇ ಸ್ಟಾರ್ಟರ್, ಅಂದರೆ ಸ್ವಲ್ಪ ಮಾಲ್ಟ್ ನೀರಿನಲ್ಲಿ ಯೀಸ್ಟ್ ಬೆಳೆಸಿ ನೋಡುವ ಮಿಶ್ರಣ, ಮಾಡಿ ನೋಡಿ. ಮನೆಯಲ್ಲಿ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ.

ಪ್ಯಾಕೆಟ್‌ನಲ್ಲಿರುವುದು ಜೀವಂತ ಕಣಗಳು. ಹೊಸದಾಗಿ ಊಟ ಸಿಗದೆ, ಮೈಯೊಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ದಾಸ್ತಾನನ್ನೇ ಕರಗಿಸಿಕೊಂಡು ಬದುಕಿರುತ್ತವೆ. ಅದು ಖಾಲಿಯಾದಂತೆ ಒಂದೊಂದಾಗಿ ಸಾಯುತ್ತವೆ. ತಂಪಿನಲ್ಲಿ ಈ ಖರ್ಚು ನಿಧಾನ, ಸೆಕೆಯಲ್ಲಿ ಜಾಸ್ತಿ. ಹಾಗಾಗಿ ತಾರೀಕಿನಷ್ಟೇ ಇಟ್ಟ ಜಾಗವೂ ಮುಖ್ಯ. ಫ್ರೀಜರ್ ಮಾತ್ರ ಬೇಡ, ಮಂಜುಗಡ್ಡೆಯ ಹರಳುಗಳು ಕಣಗಳನ್ನು ಸೀಳಿಬಿಡುತ್ತವೆ.

ಸ್ಟಾರ್ಟರ್‌ಗೆ 1 ಲೀಟರ್ ನೀರಿನಲ್ಲಿ 100 ಗ್ರಾಂ ಒಣ ಮಾಲ್ಟ್ ಪುಡಿ (ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್, ಮೊಳಕೆ ಬರಿಸಿದ ಬಾರ್ಲಿಯ ಸಾರ ಒಣಗಿಸಿದ ಪುಡಿ) ಕುದಿಸಿ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಆರಿಸಿ. ಸ್ಯಾನಿಟೈಸ್ ಮಾಡಿದ ಜಾಡಿಗೆ ಸುರಿದು ಯೀಸ್ಟ್ ಬೆರೆಸಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ. 24ರಿಂದ 48 ಗಂಟೆಯಲ್ಲಿ ದ್ರವ ಕದಡಿ ನೊರೆ ಬರಬೇಕು. ನೊರೆ ರಾತ್ರಿ ಬಂದು ನೀವು ಏಳುವಷ್ಟರಲ್ಲಿ ಇಳಿದುಹೋಗಿರಲೂಬಹುದು! ಆಗ ತಳ ನೋಡಿ. ಕೆನೆಬಣ್ಣದ ಪದರ ನೀವು ಹಾಕಿದ್ದಕ್ಕಿಂತ ದಪ್ಪಗಾಗಿದ್ದರೆ ಯೀಸ್ಟ್ ಬೆಳೆದಿದೆ ಎಂದರ್ಥ. ಹಳೇ ಪ್ಯಾಕೆಟ್‌ಗೆ ಇದರಿಂದ ಇನ್ನೊಂದು ಲಾಭ: ಸತ್ತವುಗಳ ಜಾಗಕ್ಕೆ ಹೊಸ ಕಣಗಳು ಬಂದಿರುತ್ತವೆ.

ಮೂಗನ್ನೂ ನಂಬಿ. ಬ್ರೆಡ್ಡಿನ ವಾಸನೆ ಸರಿ. ಕೊಳೆತ ಮಾಂಸ ಅಥವಾ ಸುಟ್ಟ ರಬ್ಬರಿನ ವಾಸನೆ ಬಂದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ. ಒಳಚೀಲ ಒಡೆದು ಉಬ್ಬಿಸುವ ಬಗೆಯ ಪ್ಯಾಕೆಟ್ ಉಬ್ಬದಿದ್ದರೆ ಯೀಸ್ಟ್ ಸತ್ತೇಹೋಗಿದೆ ಎಂದಲ್ಲ. ಅದನ್ನೂ ಸ್ಟಾರ್ಟರ್‌ಗೆ ಹಾಕಿಯೇ ತೀರ್ಮಾನಿಸಿ.